ಡಯಲ್ ಮೇಲೆ ‘ಎಂ’ ಇದೆ ಅಂತ ಅಗ್ಗದ ಕ್ಯಾಮೆರಾ ತಗೋಬೇಡಿ

ಏಳೆಂಟು ಸಾವಿರ ರೂಪಾಯಿಗೆ ‘64 ಮೆಗಾಪಿಕ್ಸೆಲ್, 4ಕೆ, ಆಟೋಫೋಕಸ್, ಮ್ಯಾನುವಲ್ ಮೋಡ್’ (ಡಯಲ್ ಮೇಲಿನ ‘ಎಂ’) ಅಂತ ಬರೆದುಕೊಂಡು ಆನ್‌ಲೈನ್‌ನಲ್ಲಿ ಮಾರಾಟಕ್ಕಿರುವ, ಯಾರೂ ಹೆಸರು ಕೇಳಿರದ ಕಂಪನಿಗಳ ಪುಟ್ಟ ಕ್ಯಾಮೆರಾಗಳನ್ನು ಕೊಳ್ಳಬೇಡಿ. ಫೋಟೋಗ್ರಫಿ ಕಲಿಯಲಿ ಅಂತ ಮಕ್ಕಳಿಗೆ ಕೊಡಿಸುವುದಂತೂ ಬೇಡವೇ ಬೇಡ. ಕಾರಣ ಕೆಳಗೆ ಬರೆದಿದ್ದೇನೆ, ಸ್ವಲ್ಪ ಉದ್ದ ಇದೆ. ಪುರುಸೊತ್ತಿಲ್ಲದವರು ಇಷ್ಟು ಓದಿ ಬಿಟ್ಟರೂ ದುಡ್ಡು ಉಳಿಯುತ್ತೆ.

ಅಕ್ಕನ ಮಗ ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾನೆ. ಫೋಟೋಗ್ರಫಿ ವಿಷಯಕ್ಕೆ ಶಟರ್ ಸ್ಪೀಡ್ (ಎಷ್ಟು ಹೊತ್ತು ಬೆಳಕು ಬಿಡಬೇಕು), ಅಪರ್ಚರ್ (ಬೆಳಕು ಬರುವ ರಂಧ್ರ ಎಷ್ಟು ದೊಡ್ಡದು; ಹಿನ್ನೆಲೆಯ ಸ್ಪಷ್ಟತೆಯೂ ಇದರಿಂದ ಬದಲಾಗುತ್ತೆ), ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮೂರನ್ನೂ ನಾವೇ ಬದಲಿಸಲು ಬರುವ ಕ್ಯಾಮೆರಾ ಇರಲಿ ಅಂತ ಮೇಷ್ಟ್ರು ಹೇಳಿದ್ದರು. ಲೆನ್ಸ್ ಬದಲಿಸಲು ಬರುವ ದೊಡ್ಡ ಡಿಎಸ್‌ಎಲ್‌ಆರ್ ಕ್ಯಾಮೆರಾ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅವನಿಗೆ ಬೇಕಾಗಿದ್ದೂ ಜೇಬಿಗೆ ಹಾಕಿಕೊಂಡು ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಯಾರ ಗಮನಕ್ಕೂ ಬಾರದೆ ಓಡಾಡುವಂಥದ್ದು. "ಮಾಮ, ಇದರಲ್ಲಿ ಡಯಲ್ ಮೇಲೆ ಎಂ ಇದೆ ನೋಡಿ" ಅಂತ ಒಂದು ಲಿಂಕ್ ಕಳಿಸಿದ. ಫೋಟೋದಲ್ಲಿ ನಿಜವಾಗಿಯೂ ಇತ್ತು. ವಿವರಣೆಯಲ್ಲೂ ‘ವೃತ್ತಿಪರ ಮ್ಯಾನುವಲ್ ನಿಯಂತ್ರಣ’ ಅಂತ ದಪ್ಪಕ್ಷರದಲ್ಲಿತ್ತು. ನಾಲ್ಕು ಸ್ಟಾರ್ ಮೇಲೆ ರೇಟಿಂಗ್. ತರಿಸಿದೆವು.

ಪೆಟ್ಟಿಗೆ ತೆರೆದರೆ ಸಾಮಾನೋ ಸಾಮಾನು. ಎರಡು ಬ್ಯಾಟರಿ, ಮೆಮೊರಿ ಕಾರ್ಡು, ಕುತ್ತಿಗೆಗೆ ಹಾಕುವ ಪಟ್ಟಿ, ಒರೆಸುವ ಬಟ್ಟೆ. ಕ್ಯಾಮೆರಾ ಕೈಗೆತ್ತಿಕೊಂಡಾಗಲೇ ಅನುಮಾನ ಬಂತು, ಏನೂ ತೂಕವೇ ಇಲ್ಲ. ಡಯಲ್ ತಿರುಗಿಸಿ ‘ಎಂ’ಗೆ ತಂದರೆ ಪರದೆಯ ಮೇಲೆ ಬಂದದ್ದು ಇಷ್ಟು: ಎಕ್ಸ್‌ಪೋಶರ್ ಮೈನಸ್ ಮೂರರಿಂದ ಪ್ಲಸ್ ಮೂರು, ಐಎಸ್‌ಓ 100, 200, 400, ವೈಟ್ ಬ್ಯಾಲೆನ್ಸ್, ಶಾರ್ಪ್‌ನೆಸ್, ಆಮೇಲೆ ಒಂದಷ್ಟು ಬಣ್ಣದ ಫಿಲ್ಟರ್. ಶಟರ್ ಸ್ಪೀಡ್ ಇಲ್ಲ. ಅಪರ್ಚರ್ ಇಲ್ಲ. ಮೆನು ಪೂರ್ತಿ ಜಾಲಾಡಿದರೂ ಇಲ್ಲ. ಜೊತೆಗಿದ್ದ ಕೈಪಿಡಿಯಲ್ಲಿ ಆ ಎರಡರ ಹೆಸರೂ ಇರಲಿಲ್ಲ.

ಎಕ್ಸ್‌ಪೋಶರ್ ಪ್ಲಸ್ ಮೈನಸ್ ಇದೆಯಲ್ಲ, ಅದೇ ಮ್ಯಾನುವಲ್ ಅಲ್ಲವೇ ಅಂತ ಕೆಲವರು ಕೇಳಬಹುದು. ಅಲ್ಲ. ‘ಇನ್ನೂ ಸ್ವಲ್ಪ ಬೆಳಕಾಗಲಿ’ ಅಂತ ನಾವು ಕ್ಯಾಮೆರಾಗೆ ಹೇಳುತ್ತೇವೆ, ಅದನ್ನು ಹೇಗೆ ಮಾಡಬೇಕು ಅನ್ನುವುದನ್ನು ಅದೇ ತೀರ್ಮಾನಿಸುತ್ತೆ. ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟಿತೋ, ಐಎಸ್‌ಓ ಏರಿಸಿತೋ ನಮಗೆ ಗೊತ್ತಾಗಲ್ಲ. ಕಲಿಯುವ ಹುಡುಗನಿಗೆ ಬೇಕಿರುವುದೇ ಆ ತೀರ್ಮಾನ. ಓಡುವ ಸೈಕಲ್ಲನ್ನು ಗಕ್ಕನೆ ನಿಲ್ಲಿಸಿ ತೆಗೆಯುವುದೋ ಹಿನ್ನೆಲೆ ಎಳೆದುಕೊಂಡು ಹೋಗುವಂತೆ ತೆಗೆಯುವುದೋ ಅನ್ನುವುದು ಶಟರ್ ಕೈಲಿದ್ದರೆ ಮಾತ್ರ ಸಾಧ್ಯ.

ಇದರ ಹಣೆಬರಹ ಪೂರ್ತಿ ಬಯಲಾಗಿದ್ದು ಅರಮನೆ ಮುಂದೆ. ಭಾನುವಾರ ಸಂಜೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಳ್ಳುತ್ತವಲ್ಲ, ಅದನ್ನು ತೆಗೆಯೋಣ ಅಂತ ಹೋದೆವು. ಪರದೆಯ ಮೇಲೆ ಕಮಾನುಗಳೂ ಗುಮ್ಮಟಗಳೂ ಕರಗಿ ಒಂದೇ ಹಳದಿ ಮುದ್ದೆ. ಆಟೋ ಕ್ಯಾಮೆರಾ ಹಾಗೇ ಮಾಡುತ್ತೆ, ಯಾಕೆಂದರೆ ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ಆಕಾಶ ಮತ್ತು ಅಂಗಳ. ಸರಾಸರಿ ಲೆಕ್ಕ ಹಾಕುವ ಕ್ಯಾಮೆರಾಗೆ ‘ಕತ್ತಲೆ ಜಾಸ್ತಿ’ ಅನಿಸುತ್ತೆ, ಬೆಳಕು ಸುರಿಯುತ್ತೆ, ಚಿತ್ರದಲ್ಲಿ ಬಲ್ಬುಗಳು ಅತಿಬೆಳಕಿಗೆ ಅಳಿಸಿಹೋಗುತ್ತವೆ. ಮ್ಯಾನುವಲ್ ಇರುವ ಕ್ಯಾಮೆರಾದಲ್ಲಿ ಗೋಡೆಯ ಮೇಲೋ ಟ್ರೈಪಾಡ್ ಮೇಲೋ ಇಟ್ಟು, ಐಎಸ್‌ಓ 100, ಅಪರ್ಚರ್ ಎಫ್ 4 (ಎಫ್ ಅಂಕಿ ಚಿಕ್ಕದಾದಷ್ಟೂ ರಂಧ್ರ ದೊಡ್ಡದು), ಶಟರ್ ಕಾಲು ಸೆಕೆಂಡಿನಿಂದ ಶುರುಮಾಡಿ ಮೇಲೆ ಕೆಳಗೆ ಹೋದರೆ ನಾಲ್ಕೈದು ಚಿತ್ರದೊಳಗೆ ಬಲ್ಬು ಬಲ್ಬೇ ಎಣಿಸುವ ಹಾಗೆ ಬರುತ್ತೆ. ನಮ್ಮದರಲ್ಲಿ ಮೈನಸ್ ಮೂರಕ್ಕೆ ಇಳಿಸಿದರೂ ಮುದ್ದೆ ಕಂದು ಬಣ್ಣಕ್ಕೆ ತಿರುಗಿತೇ ಹೊರತು ಬಲ್ಬು ಕಾಣಲಿಲ್ಲ. ಅಂದರೆ ಅದು ಬೆಳಕು ಕಡಿಮೆ ಮಾಡುತ್ತಲೇ ಇರಲಿಲ್ಲ. ಚಿತ್ರ ತೆಗೆದಾದ ಮೇಲೆ ಕಪ್ಪು ಬಳಿಯುತ್ತಿತ್ತು!

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದೆ. ಡಿಜಿಟಲ್ ಫೋಟೋ ಫೈಲಿನೊಳಗೆ ಎಕ್ಸಿಫ್ ಅಂತ ಒಂದಷ್ಟು ಮಾಹಿತಿ ಅಡಗಿರುತ್ತೆ: ಯಾವ ಶಟರ್ ಸ್ಪೀಡ್, ಯಾವ ಅಪರ್ಚರ್, ಎಷ್ಟು ಐಎಸ್‌ಓ. ಮಟಮಟ ಮಧ್ಯಾಹ್ನದ ಚಿತ್ರಕ್ಕೂ ರಾತ್ರಿಯ ಚಿತ್ರಕ್ಕೂ ಇದರಲ್ಲಿ ಒಂದೇ ಅಂಕಿ ಬರೆದಿತ್ತು. ಬರೆಯಬೇಕಲ್ಲ ಅಂತ ಬರೆದದ್ದು. 64 ಮೆಗಾಪಿಕ್ಸೆಲ್ ಅಂದದ್ದೂ ಹಾಗೇ. ಒಳಗಿರುವ ಸಣ್ಣ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಕೊಟ್ಟ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿ, ನಡುವಿನ ಪಿಕ್ಸೆಲ್‌ಗಳನ್ನು ಅಂದಾಜಿನಲ್ಲಿ ತುಂಬಿ, ದೊಡ್ಡ ಫೈಲ್ ಮಾಡಿ ಕೊಡುತ್ತೆ. ದೊಡ್ಡದು ಮಾಡಿ ನೋಡಿದರೆ ಹೂವಿನ ಎಸಳೆಲ್ಲ ಜಲವರ್ಣ ಚಿತ್ರದ ಹಾಗೆ ಕದಡಿತ್ತು. 16 ಪಟ್ಟು ಜೂಮ್ ಅಂದದ್ದು ಬರೀ ಕತ್ತರಿಸಿ ಹಿಗ್ಗಿಸುವ ಡಿಜಿಟಲ್ ಜೂಮ್, ಲೆನ್ಸ್ ಕದಲುವುದೇ ಇಲ್ಲ. ಫ್ಲ್ಯಾಶ್ ಅಂತ ಇದ್ದದ್ದು ಮೊಬೈಲ್ ಟಾರ್ಚಿನಂಥ ಎಲ್‌ಇಡಿ.

ವಾಪಸ್ ಕೊಡುವ ಕಥೆ ಇನ್ನೊಂದು. ಅಂಗಡಿಯ ಹೆಸರು ಬೇಡ, ಎಲ್ಲ ಕಡೆ ಈಗ ಇದೇ ಹಾಡು. ‘ಏಳು ದಿನ ರಿಟರ್ನ್’ ಅಂತ ಇದ್ದದ್ದರ ಕೆಳಗೆ ಸಣ್ಣಕ್ಷರದಲ್ಲಿ ‘ಬದಲಿ ವಸ್ತು ಮಾತ್ರ’ ಅಂತ ಇತ್ತು. ಬದಲಿ ಬಂತು, ಅದೂ ಅದೇ. ಮತ್ತೆ ಫೋನ್ ಮಾಡಿದರೆ ಮಾರಾಟಗಾರನ ಕಡೆಯ ಹುಡುಗ ಬಹಳ ವಿನಯದಿಂದ ಹೇಳಿದ: "ಸರ್, ಡಯಲ್‌ನಲ್ಲಿ ಎಂ ಇದೆಯಲ್ಲ ಸರ್. ಮೋಡ್ ಇದೆ ಅಂದಿದ್ದೀವಿ, ಮೋಡ್ ಇದೆ. ಪೀಸ್ ಡಿಫೆಕ್ಟ್ ಇಲ್ಲ." ನನಗೆ ಸಿಟ್ಟಿಗಿಂತ ನಗು ಬಂತು. ವಕೀಲನಾಗಬೇಕಿದ್ದ ಹುಡುಗ.

ಕೆಲಸಕ್ಕೆ ಬಂದದ್ದು ಕೊಳ್ಳುವ ದಿನವೇ ತೆಗೆದಿಟ್ಟಿದ್ದ ಸ್ಕ್ರೀನ್‌ಶಾಟ್. ನಾವು ದೂರು ಕೊಡುವ ಹೊತ್ತಿಗೆ ಆ ಪುಟದಲ್ಲಿ ‘ವೃತ್ತಿಪರ ಮ್ಯಾನುವಲ್ ನಿಯಂತ್ರಣ’ ಅನ್ನುವ ಸಾಲು ಮಾಯವಾಗಿತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಸ್ಕ್ರೀನ್‌ಶಾಟ್, ಬಿಲ್ಲು, ಪೆಟ್ಟಿಗೆ ತೆರೆದಾಗಿನ ವಿಡಿಯೋ ಎಲ್ಲ ಕೊಟ್ಟೆವು. ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಅದನ್ನು ಪ್ರಶ್ನಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇದೆ, ‘ಡಿಫೆಕ್ಟ್ ಇಲ್ಲ’ ಅನ್ನುವ ಒಂದೇ ಮಾತಿಗೆ ಸುಮ್ಮನಾಗಬೇಕಿಲ್ಲ. ಕೊನೆಗೆ ದುಡ್ಡು ಬಂತು. ಅಷ್ಟರಲ್ಲಿ ಹುಡುಗನ ಅಸೈನ್‌ಮೆಂಟ್ ಗಡುವು ಮುಗಿದಿತ್ತು.

ಪೆಟ್ಟಿಗೆಯ ಬಗ್ಗೆ ಇನ್ನೊಂದು ಮಾತು. ಆಮದಾದ ಯಾವುದೇ ಪೊಟ್ಟಣದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ಯಾವ ದೇಶದ್ದು ಅನ್ನುವುದು ಇರಲೇಬೇಕು, ನಮ್ಮ ಕಾನೂನೇ ಹಾಗೆ. ಎರಡು ಸಲ ಬಂದ ಪೆಟ್ಟಿಗೆಯಲ್ಲೂ ಆ ಚೀಟಿ ಇರಲಿಲ್ಲ. ಅದಿಲ್ಲ ಅಂದರೆ ಮುಂದೆ ರಿಪೇರಿಗೆ ಯಾರನ್ನು ಹುಡುಕುತ್ತೀರಿ?

ಹಾಗಾದರೆ ಕೊಳ್ಳುವ ಮುಂಚೆ ತಿಳಿಯುವುದು ಹೇಗೆ? ಮಾರುವವರ ವಿವರಣೆಯನ್ನೇ ಓದಬೇಡಿ. ತಯಾರಕರ ಜಾಲತಾಣದಿಂದ ಆ ಮಾಡೆಲ್ಲಿನ ಕೈಪಿಡಿ ಇಳಿಸಿಕೊಂಡು, ಎಂ ಮೋಡ್ ಇರುವ ಪುಟ ತೆಗೆದು, ಶಟರ್ ಎಷ್ಟರಿಂದ ಎಷ್ಟರವರೆಗೆ ಅಂತ ಅಂಕಿ ಇದೆಯೇ ನೋಡಿ. ಸೋನಿಯ ಮೊದಲ ಆರ್‌ಎಕ್ಸ್100ರಲ್ಲಿ 30 ಸೆಕೆಂಡಿನಿಂದ ಸೆಕೆಂಡಿನ 2000ದ ಒಂದು ಭಾಗದವರೆಗೆ ಅಂತ ನೇರವಾಗಿ ಕೊಟ್ಟಿರುತ್ತಾರೆ. ಕೈಪಿಡಿಯೇ ಸಿಗದ ಕ್ಯಾಮೆರಾ ಆದರೆ ಅಲ್ಲಿಗೇ ಬಿಡಿ. ಕೈಗೆ ಸಿಕ್ಕ ಕ್ಯಾಮೆರಾ ಆದರೆ ಮನೆಯ ಫ್ಯಾನೇ ಸಾಕು. ಕಿಟಕಿ ತೆರೆದು ಬೆಳಕು ಮಾಡಿ, ಶಟರನ್ನು ಸೆಕೆಂಡಿನ 1000ದ ಒಂದು ಭಾಗಕ್ಕಿಟ್ಟು ಒಂದು, 15ರ ಒಂದು ಭಾಗಕ್ಕಿಟ್ಟು ಒಂದು ಚಿತ್ರ ತೆಗೆಯಿರಿ. ಮೊದಲನೆಯದರಲ್ಲಿ ರೆಕ್ಕೆ ನಿಂತಿರಬೇಕು, ಎರಡನೆಯದರಲ್ಲಿ ಕರಗಿರಬೇಕು. ಎರಡೂ ಒಂದೇ ಥರ ಇದ್ದರೆ ವಾಪಸ್ ಪೆಟ್ಟಿಗೆಗೆ ಹಾಕಿ.

ಹೆಸರಿರುವ ಕಂಪನಿ ಅಂದ ಮಾತ್ರಕ್ಕೂ ಮ್ಯಾನುವಲ್ ಇರುತ್ತೆ ಅಂದುಕೊಳ್ಳಬೇಡಿ. ಕ್ಯಾನನ್ನಿನ ಇಕ್ಸಸ್ 185, ಸೋನಿಯ ಡಬ್ಲ್ಯೂ830 ಇಂಥವುಗಳಲ್ಲಿ ಶಟರ್, ಅಪರ್ಚರ್ ನಮ್ಮ ಕೈಗೆ ಕೊಡುವ ಎಂ ಮೋಡ್ ಇಲ್ಲ. ಇವು ಮೋಸದ ಮಾಲಲ್ಲ, ಆ ಕಂಪನಿಗಳು ಇದೆ ಅಂತ ಹೇಳಿಯೂ ಇಲ್ಲ. ಆದರೆ ಹಳೆಮಾಲು ಮಾರುವವರು ಧಾರಾಳವಾಗಿ ಹೇಳುತ್ತಾರೆ. ಇನ್ನು ಕೆಲವು ಜೂಮ್ ಕಾಂಪ್ಯಾಕ್ಟ್‌ಗಳಲ್ಲಿ (ಲೆನ್ಸ್ ಬಿಚ್ಚಲು ಬಾರದ ಪುಟ್ಟ ಕ್ಯಾಮೆರಾಗಳಲ್ಲಿ) ಎಂ ಇರುತ್ತೆ, ಶಟರ್ ಬದಲಾಗುತ್ತೆ, ಅಪರ್ಚರಿಗೆ ಮಾತ್ರ ಎರಡೇ ಆಯ್ಕೆ. ಅವುಗಳಲ್ಲಿ ಎಷ್ಟೋ ಕ್ಯಾಮೆರಾದೊಳಗೆ ಹಿಗ್ಗಿ ಕುಗ್ಗುವ ರಂಧ್ರವೇ ಇರಲ್ಲ, ಒಂದು ಕಪ್ಪು ಗಾಜಿನ ಫಿಲ್ಟರ್ ಅಡ್ಡ ಬರುತ್ತೆ ಅಷ್ಟೆ. ಬೆಳಕು ಕಡಿಮೆಯಾಗುತ್ತೆ, ಹಿಂದಿನ ವಸ್ತುಗಳ ಸ್ಪಷ್ಟತೆ ಬದಲಾಗಲ್ಲ. ಅಪರ್ಚರ್ ಪಾಠ ಅದರಲ್ಲಿ ಕಲಿಯೋಕೆ ಆಗಲ್ಲ.

ನಿಜವಾದ ಮ್ಯಾನುವಲ್ ಇರುವ, ಜೇಬಿಗೆ ಹಿಡಿಸುವ, ಕೈಗೆಟುಕುವ ಕ್ಯಾಮೆರಾ ಬೇಕು ಅಂದರೆ ಹೆಚ್ಚಾಗಿ ಹಳೆಯದಕ್ಕೇ ಹೋಗಬೇಕಾಗುತ್ತೆ. ಕ್ಯಾನನ್ ಎಸ್95 (2010), ಎಸ್110 (2012), ಪ್ಯಾನಸಾನಿಕ್ ಎಲ್‌ಎಕ್ಸ್5, ಎಲ್‌ಎಕ್ಸ್7, ಒಲಿಂಪಸ್ ಎಕ್ಸ್‌ಜೆಡ್-1 ಈ ಸಾಲಿನವು. ಇವುಗಳಲ್ಲಿ ಎಲ್‌ಎಕ್ಸ್7 ನನಗೆ ಇಷ್ಟ. ಎಫ್ 1.4ರಿಂದ ಶುರುವಾಗುವ ಲೆನ್ಸು, ಅಪರ್ಚರ್ ಬದಲಿಸುವ ಉಂಗುರ ಲೆನ್ಸಿನ ಮೇಲೇ ಇದೆ, ಕಲಿಯುವವರ ಬೆರಳಿಗೆ ಅದು ಬೇಗ ಹತ್ತುತ್ತೆ. ದುಡ್ಡು ಸ್ವಲ್ಪ ಜಾಸ್ತಿ ಇದ್ದರೆ 2012ರ ಆರ್‌ಎಕ್ಸ್100. ಅದರ ಸೆನ್ಸರ್ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ, ಮಾಮೂಲಿ ಪುಟ್ಟ ಕ್ಯಾಮೆರಾದ ಸೆನ್ಸರಿಗಿಂತ ವಿಸ್ತೀರ್ಣದಲ್ಲಿ ಸುಮಾರು ನಾಲ್ಕು ಪಟ್ಟು. ಸಂಜೆಯ ಬೆಳಕಿನಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ.

ಹಳೆಯದರಲ್ಲೂ ಗುಂಡಿಗಳಿವೆ. ಈಗ ಹಳೆಯ ಡಿಜಿಟಲ್ ಕ್ಯಾಮೆರಾದ ‘ಲುಕ್’ಗೆ ಹುಡುಗರು ಮುಗಿಬಿದ್ದಿರುವುದರಿಂದ, ಅಟ್ಟದ ಮೇಲೆ ಬಿದ್ದಿದ್ದಕ್ಕೆಲ್ಲ ಬೆಲೆ ಬಂದಿದೆ. ನಾವೂ ಒಂದನ್ನು ನೋಡಲು ಹೋಗಿದ್ದೆವು. ಮಾರುವವನು ಆನ್ ಮಾಡಿ ತೋರಿಸಿ ತಕ್ಷಣ ಆಫ್ ಮಾಡುತ್ತಿದ್ದ, ಕೈಗೇ ಕೊಡಲೊಲ್ಲ. ಒತ್ತಾಯ ಮಾಡಿ ಇಸಕೊಂಡು ಜೂಮ್ ಪೂರ್ತಿ ಎಳೆದರೆ ಲೆನ್ಸು ಕರ್ ಅಂದು ನಿಂತು, ‘ಲೆನ್ಸ್ ಎರರ್’ ಅಂತ ಬಂತು. ಕಾಂಪ್ಯಾಕ್ಟ್‌ಗಳಿಗೆ ಇದು ಮಾಮೂಲಿ ಕಾಯಿಲೆ. ಕ್ಯಾನನ್ ಎಸ್100ರ ಕೆಲವು ಕ್ಯಾಮೆರಾಗಳಲ್ಲಿ ಈ ದೋಷ ಇದೆ ಅಂತ ಕಂಪನಿಯೇ ಒಪ್ಪಿಕೊಂಡು ರಿಪೇರಿ ಮಾಡಿಕೊಟ್ಟಿತ್ತು, ಅದಕ್ಕೇ ಮೇಲಿನ ಸಾಲಿನಲ್ಲಿ ನಾನು ಅದನ್ನು ಬಿಟ್ಟದ್ದು. ಹಾಗಾಗಿ ಜೂಮನ್ನು ಹತ್ತಾರು ಸಲ ಒಳಗೆ ಹೊರಗೆ ಆಡಿಸದೆ ದುಡ್ಡು ಕೊಡಬೇಡಿ. ಎಫ್ 8ರಲ್ಲಿ ಬರೀ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆದು ನೋಡಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು ಕೂತಿದೆ, ಲೆನ್ಸ್ ಬಿಚ್ಚಲು ಬಾರದ ಕ್ಯಾಮೆರಾದಲ್ಲಿ ಅದನ್ನು ತೆಗೆಯೋದು ದೊಡ್ಡ ಕೆಲಸ. ಮಲೆನಾಡು, ಕರಾವಳಿ ಕಡೆಯಿಂದ ಬಂದದ್ದಾದರೆ ಮೊಬೈಲ್ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿದು ಜೇಡರ ಬಲೆಯಂಥ ಎಳೆ ಇದೆಯೇ ನೋಡಿ. ಬೂಷ್ಟು ಹಿಡಿದ ಲೆನ್ಸು ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿ.

ಕಾರ್ಡಿನ ವಿಷಯವನ್ನೂ ಕೇಳಿಬಿಡಿ. ಹಳೆಯ ಒಲಿಂಪಸ್, ಫ್ಯೂಜಿಗಳಿಗೆ ಎಕ್ಸ್‌ಡಿ ಕಾರ್ಡ್ ಬೇಕು, ಈಗ ಅದರ ತಯಾರಿಕೆಯೇ ನಿಂತಿದೆ. ತೀರಾ ಹಳೆಯ ಎಸ್‌ಡಿ ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದೇ ಇಲ್ಲ. ‘ಸೈನ್ಯದಲ್ಲಿದ್ದೇನೆ, ವರ್ಗ ಆಗಿದೆ, ಕ್ಯೂಆರ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಅಡ್ವಾನ್ಸ್ ವಾಪಸ್ ಬರುತ್ತೆ’ ಅಂತ ಯಾರಾದರೂ ಅಂದರೆ ಕ್ಯಾಮೆರಾ ಮಾತೇ ಮರೆತು ನಂಬರ್ ಬ್ಲಾಕ್ ಮಾಡಿ. ಯುಪಿಐನಲ್ಲಿ ದುಡ್ಡು ಬರಲು ಪಿನ್ ಬೇಕಾಗಿಲ್ಲ.

ಅಂದಹಾಗೆ ಹುಡುಗ ಅಸೈನ್‌ಮೆಂಟನ್ನು ತಡವಾಗಿ ಮಾಡಿ ಮುಗಿಸಿದ್ದು ಮೊಬೈಲಿನಲ್ಲೇ. ಪ್ರೋ ಮೋಡ್ ಇರುವ ಫೋನಿನಲ್ಲಿ ಶಟರ್ ಸ್ಪೀಡೂ ಐಎಸ್‌ಓನೂ ನಿಜವಾಗಿಯೇ ನಮ್ಮ ಕೈಲಿರುತ್ತವೆ. ಅಪರ್ಚರ್ ಒಂದು ಬಹುತೇಕ ಫೋನ್‌ಗಳಲ್ಲಿ ಬದಲಾಗಲ್ಲ. ಮೂರರಲ್ಲಿ ಎರಡು ಪುಕ್ಕಟೆ ಸಿಗುವಾಗ, ಮೂರರಲ್ಲಿ ಒಂದನ್ನು ಮಾತ್ರ ಕೊಡುವ ಡಬ್ಬಿಗೆ ಎಂಟು ಸಾವಿರ ಯಾಕೆ? ಸರಿಯಾದ ಕ್ಯಾಮೆರಾ ಸಿಗುವವರೆಗೆ ಅದರಲ್ಲೇ ಕಲಿಯಲಿ.

ನಮಗೆ ಮಾರಿದ ಆ ಪುಟ ಈಗ ಇಲ್ಲ. ಆದರೆ ಕ್ಯಾಮೆರಾದ ಚಿತ್ರ ಹಾಕಿ ಹುಡುಕಿದರೆ ಅದೇ ಮೈ, ಅದೇ ಡಯಲ್, ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬೆಲೆಗೆ ಸಿಗುತ್ತಿದೆ. ಒಂದರ ಕೆಳಗಿನ ರಿವ್ಯೂಗಳನ್ನು ಓದುತ್ತಾ ಹೋದರೆ ಹಳೆಯವೆಲ್ಲ ಮೊಬೈಲ್ ಕವರ್ ಬಗ್ಗೆ ಇವೆ. ‘ಬಣ್ಣ ಚೆನ್ನಾಗಿದೆ, ಫೋನಿಗೆ ಸರಿಯಾಗಿ ಕೂರುತ್ತೆ’ ಅಂತ ಐದು ಸ್ಟಾರ್.