ಮುಟ್ಟು ನಿಂತ ಹುಡುಗಿಗೆ ಪ್ರೊಲ್ಯಾಕ್ಟಿನ್ ನೋಡದೆ ಹಾರ್ಮೋನ್ ಮಾತ್ರೆ ಬರೆದರೆ ಒಪ್ಪಬೇಡಿ

ಹೆಣ್ಣುಮಕ್ಕಳ ತಾಯಂದಿರು ದಯವಿಟ್ಟು ಓದಿ. ಪ್ರೊಲ್ಯಾಕ್ಟಿನ್ ಅಂದರೆ ಎದೆಹಾಲು ಬರಿಸುವ ಹಾರ್ಮೋನ್, ಒಂದು ಬ್ಲಡ್ ಟೆಸ್ಟ್ ಮಾಡಿದರೆ ಗೊತ್ತಾಗುತ್ತೆ. ಹುಡುಗಿಗೆ 16 ವರ್ಷ. 13ಕ್ಕೆ ಮೈನೆರೆದವಳು, ಎರಡು ವರ್ಷ ಸರಿಯಾಗಿ ಮುಟ್ಟಾಗುತ್ತಿದ್ದವಳು. ಆಮೇಲೆ ನಿಂತೇ ಹೋಯ್ತು. ಕ್ಲಿನಿಕ್‌ನಲ್ಲಿ ಸ್ಕ್ಯಾನಿಂಗ್ ಮಾಡಿ "ಪಿಸಿಓಡಿ" (ಅಂಡಾಶಯದಲ್ಲಿ ಗುಳ್ಳೆ, ಹಾರ್ಮೋನ್ ಏರುಪೇರು) ಅಂದರು. ಒಂದು ಬ್ಲಡ್ ಟೆಸ್ಟ್ ಇಲ್ಲ! ಈ ವಯಸ್ಸಲ್ಲಿ ಅಂಡಾಶಯದ ತುಂಬ ಸಣ್ಣ ಗುಳ್ಳೆ ಕಾಣುವುದು ಸಹಜ, ಅದೊಂದನ್ನೇ ಹಿಡಿದು ಪಿಸಿಓಡಿ ಅನ್ನುವ ಹಾಗಿಲ್ಲ.

ಮೊದಲು 5 ದಿನ ಪ್ರೊಜೆಸ್ಟರಾನ್ ಮಾತ್ರೆ. ಒಂದು ಹನಿ ರಕ್ತ ಬರಲಿಲ್ಲ. ಎಚ್ಚೆತ್ತುಕೊಳ್ಳಬೇಕಿದ್ದದ್ದು ಅಲ್ಲೇ. ಪಿಸಿಓಡಿಯಲ್ಲಿ ಸಾಮಾನ್ಯವಾಗಿ ಈ ಮಾತ್ರೆ ನಿಲ್ಲಿಸಿದ ಮೇಲೆ ಮುಟ್ಟು ಬರುತ್ತೆ. ಬರಲಿಲ್ಲ ಅಂದರೆ ಈಸ್ಟ್ರೊಜನ್ ಕಡಿಮೆಯಾಗಿ ಗರ್ಭಕೋಶದ ಒಳಪದರವೇ ಬೆಳೆದಿಲ್ಲವೇನೋ ಅಂತ ಅನುಮಾನ ಬರಬೇಕು. ಅದು ಬಿಟ್ಟು 21 ದಿನದ ಮಾತ್ರೆ ಬರೆದರು. ರಕ್ತ ಬಂತು. "ನೋಡಿಮ್ಮಾ, ಸರಿಹೋಯ್ತಲ್ಲ!" ಸರಿಹೋಗಿದ್ದೇನು? ಆ ಮಾತ್ರೆಯಲ್ಲಿ ಈಸ್ಟ್ರೊಜನ್, ಪ್ರೊಜೆಸ್ಟರಾನ್ ಎರಡೂ ಇರುತ್ತೆ, ನಿಲ್ಲಿಸಿದರೆ ರಕ್ತ ಬರುತ್ತೆ. ಅದು ಮಾತ್ರೆ ತರಿಸಿದ್ದು, ಮೈ ತಂದದ್ದಲ್ಲ. ಏಳು ತಿಂಗಳು ಅಪ್ಪ ಅಮ್ಮ ಅದನ್ನೇ ನಂಬಿಕೊಂಡಿದ್ದರು. ತಲೆನೋವು ಅಂದಾಗ "ಓದಿನ ಟೆನ್ಶನ್" ಅಂದರು.

ಎದೆಯ ಒಳಉಡುಪಿನ ಮೇಲೆ ನಾಣ್ಯದಷ್ಟಗಲ, ಒಣಗಿ ಗಡುಸಾದ ಬಿಳಿ ಕಲೆ. ಹುಡುಗಿ ನಾಚಿಕೆಗೆ ತಾನೇ ಒಗೆದುಕೊಳ್ಳುತ್ತಿದ್ದಳು. ಎದೆಯಿಂದ ಹಾಲು ಬರುತ್ತಾ ಅಂತ ಒಬ್ಬರೂ, ಒಬ್ಬರೂ ಕೇಳಲಿಲ್ಲ. ಬೇರೆ ಕಡೆ ಪ್ರೊಲ್ಯಾಕ್ಟಿನ್ ಮಾಡಿಸಿದರೆ 164 ng/mL. ಸುಮಾರು 25ರ ಒಳಗಿರಬೇಕಾದದ್ದು! ಎಂಆರ್‌ಐನಲ್ಲಿ ಪಿಟ್ಯುಟರಿಯಲ್ಲಿ (ಮೆದುಳಿನ ಕೆಳಗಿರುವ ಹಾರ್ಮೋನ್ ಗ್ರಂಥಿ) 7 ಮಿ.ಮೀ. ಗಡ್ಡೆ. ಕ್ಯಾನ್ಸರ್ ಅಲ್ಲ. ಆದರೆ ಅದು ಸುರಿಸುವ ಪ್ರೊಲ್ಯಾಕ್ಟಿನ್, ಅಂಡಾಶಯವನ್ನು ನಡೆಸುವ ಮೆದುಳಿನ ಹಾರ್ಮೋನ್‌ಗಳನ್ನೇ ಅಡಗಿಸಿಬಿಡುತ್ತೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸಲ್ಲೇ ಈಸ್ಟ್ರೊಜನ್ ಇಲ್ಲ.

ಹಳೇ ಕ್ಲಿನಿಕ್‌ನಲ್ಲಿ ಹೋಗಿ ಕೇಳಿದರೆ, "ಇದು ಅಪರೂಪ, ಎಲ್ಲರಿಗೂ ಎಂಆರ್‌ಐ ಮಾಡ್ಸಕ್ಕಾಗುತ್ತಾ?" ಎಂಆರ್‌ಐ ಯಾರು ಕೇಳಿದರು? ಕೇಳಿದ್ದು ಒಂದು ಬ್ಲಡ್ ಟೆಸ್ಟ್!

15 ತುಂಬಿದರೂ ಮೈನೆರೆಯದಿದ್ದರೆ, ಇಲ್ಲವೇ ಸರಿಯಾಗಿ ಆಗುತ್ತಿದ್ದದ್ದು 3 ತಿಂಗಳು ನಿಂತರೆ, ಮಾತ್ರೆಗೆ ಮುಂಚೆ ಪ್ರೆಗ್ನೆನ್ಸಿ ಟೆಸ್ಟ್, ಪ್ರೊಲ್ಯಾಕ್ಟಿನ್, ಥೈರಾಯ್ಡ್ ನೋಡುವ ಟಿಎಸ್‌ಎಚ್, ಅಂಡಾಶಯ ನಡೆಸುವ ಹಾರ್ಮೋನ್‌ಗಳಾದ ಎಫ್‌ಎಸ್‌ಎಚ್, ಎಲ್‌ಎಚ್ ಮಾಡಿಸಿ ಅಂತ ಬಾಯಿಬಿಟ್ಟು ಕೇಳಿ. ಗ್ಯಾಸ್ ಮಾತ್ರೆಯಲ್ಲಿ ಡೊಂಪೆರಿಡೋನ್ ಇದೆಯಾ ನೋಡಿ ಡಾಕ್ಟರಿಗೆ ಹೇಳಿ, ಅದೂ ಪ್ರೊಲ್ಯಾಕ್ಟಿನ್ ಏರಿಸುತ್ತೆ. ಥೈರಾಯ್ಡ್ ಕೆಲಸ ಕಡಿಮೆಯಾದರೂ ಏರುತ್ತೆ. ಅಕ್ಕಪಕ್ಕದಿಂದ ಬರುವ ಗಾಡಿ ಕಾಣುತ್ತಿಲ್ಲ ಅಂದರೆ ಒಂದು ದಿನವೂ ಕಾಯಬೇಡಿ, ಗಡ್ಡೆ ಕಣ್ಣಿನ ನರ ಒತ್ತುತ್ತಿರಬಹುದು.

ಈಗ ಅವಳಿಗೆ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಬರೆದ, ಪ್ರೊಲ್ಯಾಕ್ಟಿನ್ ಇಳಿಸುವ ಕ್ಯಾಬರ್ಗೋಲಿನ್ 0.25 ಮಿ.ಗ್ರಾಂ., ವಾರಕ್ಕೆರಡು ಸಲ, ರಾತ್ರಿ ಊಟದ ಜೊತೆ. ಆಪರೇಷನ್ ಬೇಕಾಗಲಿಲ್ಲ. ಮೂರನೇ ತಿಂಗಳು ಮುಟ್ಟಾದಳು, ಆ 21 ದಿನದ ಮಾತ್ರೆ ಇಲ್ಲದೆ.