‘ಸುಮ್ಮನೆ ಒಂದು ಸ್ಯಾಂಪಲ್ ಪಲ್ಲವಿ’ ಕೇಳುವವರ ಬಗ್ಗೆ ಹೊಸ ಗೀತರಚನೆಕಾರರಿಗೆ ಎಚ್ಚರಿಕೆ

ಈ ಬರಹವನ್ನು ಬರೆಯಬಾರದೆಂದು ನಾಲ್ಕು ತಿಂಗಳಿಂದ ತಡೆದುಕೊಂಡಿದ್ದೆ. ಮೋಸ ಹೋದದ್ದಕ್ಕಿಂತಲೂ, ಹತ್ತು ವರ್ಷ ಹಾಡು ಬರೆದವನೊಬ್ಬ ಹೀಗೆ ಮೋಸ ಹೋದನೆಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದೇ ನನಗೆ ಹೆಚ್ಚು ಕಷ್ಟವಾಗಿತ್ತು. ಆದರೆ ಹೋದ ವಾರ ಹೊಸದಾಗಿ ಬರೆಯುತ್ತಿರುವ ಹುಡುಗನೊಬ್ಬ ತನಗೆ ಬಂದ ಸಂದೇಶವನ್ನು ನನಗೆ ಕಳುಹಿಸಿ, ‘ಇದಕ್ಕೆ ಒಪ್ಪಿಕೊಳ್ಳಬಹುದಾ ಸರ್?’ ಎಂದು ಕೇಳಿದ. ನನಗೆ ಬಂದಿದ್ದ ಸಂದೇಶವೇ ಅದು, ಅಕ್ಷರಕ್ಕೆ ಅಕ್ಷರ ಅದೇ, ಕೊನೆಯಲ್ಲಿದ್ದ ಕಾಗುಣಿತದ ತಪ್ಪು ಕೂಡ ಅದೇ. ಇನ್ನು ಸುಮ್ಮನಿರಲಾರೆ.

ಸಂದೇಶ ಕಳುಹಿಸಿದವರು ಒಂದು ಧಾರಾವಾಹಿಯ ನಿರ್ಮಾಣ ಸಂಸ್ಥೆಯ ಪರವಾಗಿ ಓಡಾಡುವ ಸಂಯೋಜಕರು. ಹೆಸರು ಹೇಳುವುದಿಲ್ಲ. ‘ಕವಿಗಳೇ, ಶೀರ್ಷಿಕೆ ಗೀತೆಗೆ ನಿಮ್ಮ ಹೆಸರೇ ಮನಸ್ಸಿಗೆ ಬಂತು, ಸುಮ್ಮನೆ ಒಂದು ಸ್ಯಾಂಪಲ್ ಪಲ್ಲವಿ ಕೊಡಿ, ವಾಹಿನಿಯವರಿಗೆ ಕೇಳಿಸಿಬಿಡುತ್ತೇನೆ’ ಎಂದರು. ತನನ ಹಾಡಿದ ಟ್ಯೂನ್ ಬಂತು, ಸನ್ನಿವೇಶ ಹೇಳಿದರು, ಅದೇ ರಾತ್ರಿ ಪಲ್ಲವಿ ಬರೆದು ಕಳುಹಿಸಿದೆ. ಮುಂಗಡದ ಮಾತು ಎತ್ತಿದಾಗ ‘ಓಕೆ ಆಗಲಿ, ಒಟ್ಟಿಗೆ ಮಾಡಿಸೋಣ’ ಎಂಬ ಉತ್ತರ ಬಂತು. ಆಮೇಲೆ ಪಲ್ಲವಿಯ ಜೊತೆಗೆ ಒಂದು ಚರಣ ಬೇಕೆಂದರು, ಮತ್ತೊಂದು ಚರಣ ಬೇಕೆಂದರು, ಪಲ್ಲವಿಯ ಎರಡನೆಯ ಸಾಲು ‘ಇನ್ನೂ ಸ್ವಲ್ಪ ಕ್ಯಾಚಿ’ ಆಗಬೇಕೆಂದರು. ಒಂಬತ್ತು ಸಲ ತಿದ್ದಿದೆ. ಒಂಬತ್ತನೆಯ ಸಲ ಅವರು ಒಪ್ಪಿದ್ದು ನನ್ನ ಮೊದಲನೆಯ ಪಲ್ಲವಿಯನ್ನೇ.

ಇಷ್ಟೆಲ್ಲ ನಮ್ಮ ಕ್ಷೇತ್ರದಲ್ಲಿ ನಡೆಯುವಂಥದ್ದೇ, ಅದಕ್ಕೆ ನನ್ನ ದೂರಿಲ್ಲ. ನನ್ನ ದೂರಿರುವುದು ಆಮೇಲೆ ಬಂದ ಪತ್ರದ ಬಗ್ಗೆ.

ರಾತ್ರಿ ಹನ್ನೊಂದು ಗಂಟೆಗೆ ಕರೆ ಬಂತು. ಗಾಯಕಿ ಸ್ಟುಡಿಯೋದಲ್ಲಿ ಕಾಯುತ್ತಿದ್ದಾರೆ, ಗೀತರಚನೆಕಾರರ ಪತ್ರವಿಲ್ಲದೆ ರೆಕಾರ್ಡಿಂಗ್ ಶುರು ಮಾಡುವ ಹಾಗಿಲ್ಲ, ‘ಇದೊಂದು ಫಾರ್ಮಾಲಿಟಿ ಅಷ್ಟೇ ಸರ್, ಎಲ್ಲರೂ ಹಾಕುವ ಸಹಿ’ ಎಂದರು. ಇಂಗ್ಲಿಷಿನಲ್ಲಿದ್ದ ಮೂರು ಪುಟಗಳ ಪತ್ರವನ್ನು ಮೊಬೈಲಿನ ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಸರಿಸಿದೆನೇ ಹೊರತು ಓದಲಿಲ್ಲ. ಹಾಡಿನ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾದರೆ ರಾತ್ರಿಯಿಡೀ ನಿದ್ದೆಗೆಡುವ ನಾನು, ಮೂರು ಪುಟಗಳಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಓದದೆ ಸಹಿ ಹಾಕಿ ಕಳುಹಿಸಿದೆ. ಎರಡು ದಿನದ ನಂತರ ‘ವಾಹಿನಿಯವರಿಗೆ ಹಾಡು ಹಿಡಿಸಲಿಲ್ಲ, ಬೇರೆಯವರಿಂದ ಬರೆಸುತ್ತಿದ್ದೇವೆ, ಮುಂದಿನ ಪ್ರಾಜೆಕ್ಟ್‌ನಲ್ಲಿ ಖಂಡಿತ ಸೇರೋಣ’ ಎಂಬ ಸಂದೇಶ ಬಂತು. ಬೇಸರವಾಯಿತು, ಆದರೆ ನಂಬಿದೆ.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಅಡುಗೆಮನೆಯಲ್ಲಿದ್ದಾಗ ಟಿವಿಯಿಂದ ನನ್ನ ಪಲ್ಲವಿ ಕೇಳಿಸಿತು. ಮೊದಲ ಕ್ಷಣ ನನಗಾದದ್ದು ಸಂತೋಷ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಓಡಿಬಂದು ನೋಡಿದರೆ, ಪರದೆಯ ಮೇಲೆ ‘ಸಾಹಿತ್ಯ, ಸಂಗೀತ’ ಎರಡರ ಮುಂದೆಯೂ ಸಂಗೀತ ನಿರ್ದೇಶಕರ ಹೆಸರೊಂದೇ ಇತ್ತು. ಇಷ್ಟು ಸಾಲದೆಂಬಂತೆ, ‘ಹಚ್ಚಿದ ದೀಪ ಆರಿಸದ ಗಾಳಿ ನೀನು’ ಎಂದು ನಾನು ಬರೆದಿದ್ದ ಸಾಲನ್ನು ಗಾಯಕಿ ‘ಆರಿಸಿದ ಗಾಳಿ ನೀನು’ ಎಂದು ಹಾಡಿದ್ದರು. ಮಾತ್ರೆ ಕೆಡಲಿಲ್ಲ, ಅರ್ಥ ತಲೆಕೆಳಗಾಯಿತು. ಮನೆಯನ್ನು ಕಾಯುವ ನಾಯಕಿ ಒಂದೇ ಒಂದು ಗುಡಿಸಿನಿಂದ ಮನೆಯ ದೀಪ ಆರಿಸುವವಳಾದಳು. ಧಾರಾವಾಹಿ ಇರುವಷ್ಟು ದಿನವೂ ಪ್ರತಿ ಸಂಜೆ ಅವಳು ಆರಿಸುತ್ತಲೇ ಇರುತ್ತಾಳೆ.

ಕರೆ ಮಾಡಿದೆ, ಎತ್ತಲಿಲ್ಲ. ಸಂದೇಶ ಹಾಕಿದೆ. ಬಂದ ಉತ್ತರಗಳನ್ನು ಇದ್ದ ಹಾಗೆಯೇ ಕೊಡುತ್ತೇನೆ. ಮೊದಲನೆಯದು, ‘ಸರ್, ಟ್ಯೂನ್ ನಮ್ಮದು, ಅದಕ್ಕೆ ಪದ ಯಾರು ಬೇಕಾದರೂ ಕೂರಿಸಬಹುದು.’ ಪದಗಳು ನನ್ನವೆಂದಾಗ ಎರಡನೆಯದು, ‘ನಾಲ್ಕು ಪದ ಬದಲಾಗಿವೆಯಲ್ಲ ಸರ್, ಹಾಗಾಗಿ ಅದು ಬೇರೆ ಹಾಡು.’ ದುಡ್ಡಿನ ಮಾತೆತ್ತಿದಾಗ ಮೂರನೆಯದು, ‘ಪತ್ರ ಓದಿ.’ ಕವಿಗಳೇ ಎಂದು ಶುರುವಾದ ಸಂಬೋಧನೆ ಸರ್ ಆಗಿ, ಕೊನೆಗೆ ಸಂಬೋಧನೆಯೇ ಇಲ್ಲದಂತಾಯಿತು.

ಆಗ ಪತ್ರ ಓದಿದೆ. ಅದರಲ್ಲಿ ನಾನು ಗೀತರಚನೆಕಾರನಲ್ಲ, ‘ಸಾಹಿತ್ಯ ಸಹಾಯಕ’. ಸಂಭಾವನೆಯೆಲ್ಲವೂ ಪೂರ್ತಿಯಾಗಿ ಸಂದಿದೆಯೆಂದು ನಾನೇ ದೃಢೀಕರಿಸಿದ್ದೇನೆ. ನನ್ನ ಕೈಗೆ ಒಂದು ಪೈಸೆಯೂ ಬಂದಿಲ್ಲ. ಹಾಡಿನ ಹಕ್ಕುಗಳನ್ನು ಈಗಿರುವ ಮತ್ತು ಮುಂದೆ ಹುಟ್ಟಬಹುದಾದ ಎಲ್ಲ ಮಾಧ್ಯಮಗಳಿಗೂ, ಶಾಶ್ವತವಾಗಿ, ಇಡೀ ಬ್ರಹ್ಮಾಂಡಕ್ಕೆ ಅನ್ವಯವಾಗುವಂತೆ ಬರೆದುಕೊಟ್ಟಿದ್ದೇನೆ. ಬ್ರಹ್ಮಾಂಡ ಎನ್ನುವುದು ನನ್ನ ಉತ್ಪ್ರೇಕ್ಷೆಯಲ್ಲ, ಪತ್ರದಲ್ಲೇ ಇರುವ ಮಾತು. ನಾವು ಉಪಮೆಗೆ ಬಳಸುವ ಪದವನ್ನು ಅವರು ಒಪ್ಪಂದಕ್ಕೆ ಬಳಸುತ್ತಾರೆ.

ಪುರಾವೆ ಹುಡುಕಲು ಹೋದರೆ ಇನ್ನೊಂದು ಪೆಟ್ಟು. ಮೊದಲ ದಿನವೇ ಆ ಸಂಯೋಜಕರು ವಾಟ್ಸಾಪಿನಲ್ಲಿ ಏಳು ದಿನಕ್ಕೆ ಸಂದೇಶಗಳು ತಾವಾಗಿಯೇ ಅಳಿಸಿಹೋಗುವ ವ್ಯವಸ್ಥೆಯನ್ನು ಚಾಲೂ ಮಾಡಿದ್ದರು. ಅದರ ಸೂಚನೆ ಪರದೆಯ ಮೇಲೆ ಬಂದಿತ್ತು, ನೋಡಿಯೂ ನೋಡದವನಂತಿದ್ದೆ. ಒಂಬತ್ತು ತಿದ್ದುಪಡಿಗಳಲ್ಲಿ ಒಂದೂ ಅಲ್ಲಿ ಉಳಿದಿರಲಿಲ್ಲ. ನನ್ನಲ್ಲಿ ಉಳಿದದ್ದು ನೋಟ್‌ಬುಕ್ಕಿನ ಎರಡು ಪುಟಗಳು, ಮತ್ತು ಗೆಳೆಯನಿಗೆ ಓದಿ ಹೇಳಲೆಂದು ಮೇಲ್ ಮಾಡಿದ್ದ ಒಂದೇ ಒಂದು ಧ್ವನಿಮುದ್ರಣ. ಆ ಇಮೇಲಿನ ದಿನಾಂಕವೇ ಈಗ ನನ್ನ ಆಸ್ತಿ.

ಬಲ್ಲ ವಕೀಲರೊಬ್ಬರ ಬಳಿ ಕುಳಿತು ಕೇಳಿದಾಗ ತಿಳಿದದ್ದನ್ನು ಇಲ್ಲಿ ಹೇಳಬೇಕು, ಏಕೆಂದರೆ ‘ಪತ್ರ ಓದಿ’ ಎಂಬ ಮಾತಿಗೆ ನಾನು ಹೆದರಿದಷ್ಟು ಹೆದರಬೇಕಾಗಿರಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ ಪ್ರಕಾರ, ಹಕ್ಕುಗಳನ್ನು ಪೂರ್ತಿ ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಬರೆದವನಿಗೆ ಉಳಿಯುತ್ತದೆ. ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ಅದನ್ನು ಪ್ರಶ್ನಿಸುವ ಹಕ್ಕೂ ಉಳಿಯುತ್ತದೆ. 2012ರ ತಿದ್ದುಪಡಿಯಿಂದ 18ನೆಯ ಸೆಕ್ಷನ್‌ಗೆ ಸೇರಿದ ನಿಯಮ ಇನ್ನೂ ಮುಖ್ಯವಾದದ್ದು. ಚಿತ್ರಮಂದಿರದಲ್ಲಿ ಚಿತ್ರದ ಜೊತೆಗೇ ಹಾಡು ಕೇಳಿಸುವುದೊಂದನ್ನು ಬಿಟ್ಟು, ಬೇರೆ ಬಗೆಯ ಬಳಕೆಗೆ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಗೀತರಚನೆಕಾರ ತನ್ನ ವಾರಸುದಾರರಿಗೆ ಅಥವಾ ರಾಯಧನ ಸಂಗ್ರಹಿಸುವ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟರೆ ಮತ್ತಾರಿಗೂ ಬಿಟ್ಟುಕೊಡುವಂತಿಲ್ಲ. ಹಾಗೆ ಬಿಟ್ಟುಕೊಟ್ಟೆನೆಂದು ಸಹಿ ಹಾಕಿದ್ದರೂ ಆ ಮಾತು ಅಸಿಂಧು. ಸಂಸತ್ತಿನಲ್ಲಿ ಇದಕ್ಕಾಗಿ ಗಟ್ಟಿಯಾಗಿ ದನಿಯೆತ್ತಿದವರು ಸ್ವತಃ ಗೀತರಚನೆಕಾರರಾದ ಜಾವೇದ್ ಅಖ್ತರ್. ಹದಿಮೂರು ವರ್ಷಕ್ಕೂ ಹಿಂದೆ ಬಂದ ಕಾನೂನು, ನನಗೆ ಗೊತ್ತಾದದ್ದು ಮೋಸ ಹೋದ ಮೇಲೆ.

ಆದರೆ ರಾಯಧನ ಕೈಗೆ ಬರಬೇಕಾದರೆ ಹಾಡು ನನ್ನ ಹೆಸರಿನಲ್ಲಿ ದಾಖಲಾಗಿರಬೇಕು. ನಮ್ಮಲ್ಲಿ ಗೀತರಚನೆಕಾರರ, ಸಂಗೀತ ನಿರ್ದೇಶಕರ ಪಾಲನ್ನು ಸಂಗ್ರಹಿಸಿ ಹಂಚುವುದು 1969ರಲ್ಲಿ ಸ್ಥಾಪನೆಯಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್. ಹತ್ತು ವರ್ಷ ಹಾಡು ಬರೆದೂ ನಾನು ಅದರ ಸದಸ್ಯನಾಗಿರಲಿಲ್ಲ. ಈಗ ಅರ್ಜಿ ಹಾಕಿದ್ದೇನೆ. ಈ ತಪ್ಪನ್ನು ಮಾತ್ರ ಯಾರ ಮೇಲೂ ಹೊರಿಸಲಾರೆ.

ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಪಲ್ಲವಿಯನ್ನು ಚಾಟ್‌ನಲ್ಲಿ ಹಾಕಬೇಡಿ, ಮೇಲ್ ಮಾಡಿ, ಪ್ರತಿ ತಿದ್ದುಪಡಿಯನ್ನೂ ಮೇಲ್ ಮಾಡಿ. ಹೆಸರು ಯಾವ ರೀತಿ ಬರುತ್ತದೆಂದು ಬರಹದಲ್ಲಿ ಪಡೆಯದೆ ಎರಡನೆಯ ಚರಣಕ್ಕೆ ಕೈ ಹಾಕಬೇಡಿ. ರಾತ್ರಿ ಬರುವ ಪತ್ರಕ್ಕೆ ರಾತ್ರಿಯೇ ಸಹಿ ಹಾಕಬೇಡಿ. ಗಾಯಕಿ ಕಾಯುತ್ತಿದ್ದರೆ ಕಾಯಲಿ. ‘ಫಾರ್ಮಾಲಿಟಿ ಅಷ್ಟೇ’ ಎಂದವರಿಗೆ, ಹಾಗಾದರೆ ಅದಿಲ್ಲದೆಯೂ ನಡೆಯಬಹುದಲ್ಲ ಎಂದು ಕೇಳಿ ನೋಡಿ. ನಾನು ಕೇಳಲಿಲ್ಲ.

ನಿರ್ಮಾಣ ಸಂಸ್ಥೆಗೆ ವಕೀಲರ ಮೂಲಕ ನೋಟಿಸ್ ಹೋಗಿ ಇಪ್ಪತ್ತೆರಡು ದಿನಗಳಾದವು. ಹೆಸರು ಸರಿಪಡಿಸಬೇಕು, ಸಂಭಾವನೆ ಕೊಡಬೇಕು ಎಂಬ ಎರಡು ಬೇಡಿಕೆಗಳ ಜೊತೆಗೆ, ಆ ಸಾಲನ್ನು ಮತ್ತೆ ಹಾಡಿಸಬೇಕೆಂಬ ಮೂರನೆಯದನ್ನೂ ಹಟ ಮಾಡಿ ಸೇರಿಸಿದ್ದೇನೆ. ವಕೀಲರು ನಕ್ಕರು, ಆದರೂ ಸೇರಿಸಿದರು. ಉತ್ತರ ಇನ್ನೂ ಬಂದಿಲ್ಲ. ಹಾಡು ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಟಿವಿ ಹಾಕುವುದಿಲ್ಲ, ಪಕ್ಕದ ಮನೆಯವರು ಹಾಕುತ್ತಾರೆ.