ಹಳೇ ಪಿಕಪ್ಪಿಗೆ ಎಕ್ಸ್‌ಚೇಂಜ್ ಸೆಲ್ಫ್: ಹಾಕಿಸಬಹುದೇ?

ಮೆಣಸಿನಕಾಯಿ ಸುಗ್ಗಿಯಲ್ಲಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೊರಟ ಪಿಕಪ್ಪು ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಯಿತು. ಅದಕ್ಕೇ "ಗಾಡಿ ಚಾಲೂ ಆಗವಲ್ದು" ಅಂದ ಕೂಡಲೇ ಹುಬ್ಬಳ್ಳಿಯ ಆಟೊ ಇಲೆಕ್ಟ್ರಿಕ್ ಅಂಗಡಿಗಳಲ್ಲಿ ಬಹಳ ಸಲ ಕೇಳಿಬರುವ ಮಾತು, "ಸೆಲ್ಫ್ ಹೋಗೈತ್ರೀ, ಎಕ್ಸ್‌ಚೇಂಜ್ ಹಾಕಿಬಿಡೋಣು." ಸೆಲ್ಫ್ ಅಂದರೆ ಇಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಸ್ಟಾರ್ಟರ್ ಮೋಟರ್. ಹಳೆಯದನ್ನು ಕೊಟ್ಟು, ರಿಪೇರಿ ಮಾಡಿ ಇಟ್ಟ ಇನ್ನೊಂದನ್ನು ಒಯ್ಯುವ ವ್ಯವಹಾರ ಇದು. ಕೆಲಸ ಬೇಗ ಮುಗಿಯುತ್ತದೆ, ಹೊಸದಕ್ಕಿಂತ ಅಗ್ಗ. ಆದರೆ ಹತ್ತು-ಹದಿನೈದು ವರ್ಷ ಓಡಿದ ಡೀಸೆಲ್ ಪಿಕಪ್ಪಿನಲ್ಲಿ ಸೆಲ್ಫ್ ಮಾಡದ ತಪ್ಪಿಗೂ ಸೆಲ್ಫೇ ಬದಲಾಗಿಬಿಡುತ್ತದೆ.

ಮೊದಲು ಸಪ್ಪಳ ಕೇಳಬೇಕು. ಕೀಲಿ ತಿರುವಿದಾಗ ಟಕ್-ಟಕ್-ಟಕ್ ಅಂತ ಸರಸರ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೆ ಬ್ಯಾಟರಿಗೆ ಕೇಬಲ್ ಹಿಡಿಸುವ ಕ್ಲಾಂಪ್ ಬಿಗಿಯಾಗಿಲ್ಲ. ಒಂದೇ ಸಲ ಗಟ್ಟಿಯಾಗಿ ಟಕ್ ಎಂದು ಸುಮ್ಮನಾದರೆ ಸೆಲ್ಫಿಗೆ ಕರೆಂಟ್ ಬಿಡುವ ಸೊಲೆನಾಯ್ಡ್ ಸ್ವಿಚ್ಚಿನ ಒಳಗಿನ ತಾಮ್ರದ ಬೋಲ್ಟೋ, ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ನೋ ಸವೆದಿರಬಹುದು. ಮೋಟರ್ ಸುಯ್ಯೆಂದು ತಿರುಗಿ ಇಂಜಿನ್ ಅಲುಗದಿದ್ದರೆ ಬೆಂಡೆಕ್ಸ್ (ಮೋಟರಿನ ತಿರುಗನ್ನು ಇಂಜಿನ್ನಿಗೆ ದಾಟಿಸುವ ಹಲ್ಲಿನ ಭಾಗ) ಜಾರುತ್ತಿದೆ. ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಸೆಲ್ಫಿನ ಗೊಡವೆ ಬೇಡ, ಡೀಸೆಲ್ ಕಡೆ ನೋಡಬೇಕು.

ಆಮೇಲೆ ಮೀಟರ್. ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಡೀಸೆಲ್ ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ತಡೆದು ಇಂಜಿನ್ ಬಂದ್ ಮಾಡುವ ಸ್ವಿಚ್ಚು) ಇದ್ದರೆ ಅದರ ವೈರ್ ಕಳಚಿಟ್ಟರೆ ಇಂಜಿನ್ ಹತ್ತದೆ ಬರೀ ತಿರುಗುತ್ತದೆ. ಹಾಗೆ ತಿರುಗುತ್ತಿರುವಾಗಲೇ ಮೀಟರಿನ ಒಂದು ಮೊನೆ ಬ್ಯಾಟರಿಯ ಪ್ಲಸ್ ಸೀಸದ ಗೂಟದ ಮೇಲೆ (ಕ್ಲಾಂಪಿನ ಮೇಲಲ್ಲ), ಇನ್ನೊಂದು ಬ್ಯಾಟರಿ ಕೇಬಲ್ ಬಂದು ಸೇರುವ ಸೊಲೆನಾಯ್ಡಿನ ದಪ್ಪ ಬೋಲ್ಟಿನ ಮೇಲೆ ಇಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಕೇಬಲ್ ಅಥವಾ ಕ್ಲಾಂಪ್ ಕರೆಂಟ್ ತಿನ್ನುತ್ತಿದೆ. ಮೈನಸ್ ಸೀಸದಿಂದ ಸೆಲ್ಫಿನ ಮೈಗೆ ಇಟ್ಟು ನೋಡಿದಾಗ 0.3 ವೋಲ್ಟ್ ದಾಟಿದರೆ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಕೆಟ್ಟಿದೆ.

ಈ ಅರ್ಥ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಎರಿ ನೆಲದಲ್ಲಿ ಓಡುವ ಗಾಡಿಗಳ ದೊಡ್ಡ ಪೀಡೆ ಇದು. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ. ಚಾಸಿಗೂ ಇಂಜಿನ್ನಿಗೂ ನಡುವೆ ಕರೆಂಟ್ ಮರಳುವುದು ಒಂದು ಹೆಣೆದ ತಾಮ್ರದ ಪಟ್ಟಿಯ ಮೂಲಕ. ಮಳೆಗಾಲದಲ್ಲಿ ಮೆತ್ತಿದ ಕರಿ ಮಣ್ಣು ಆ ಪಟ್ಟಿಯ ಬೋಲ್ಟಿನಡಿ ಹಸಿ ಹಿಡಿದುಕೊಂಡೇ ಇರುತ್ತದೆ. ತೆಗೆದು ನೋಡಿದರೆ ತಾಮ್ರದ ಎಳೆಗಳು ಹಸಿರುಗಟ್ಟಿ, ಬೆರಳಿಂದ ತಿಕ್ಕಿದರೆ ಪುಡಿ ಉದುರುತ್ತದೆ. ದಾರಿ ಕಾಣದ ಕರೆಂಟ್ ಕ್ಲಚ್ ಕೇಬಲ್ಲನ್ನೋ ಎಕ್ಸಲರೇಟರ್ ಕೇಬಲ್ಲನ್ನೋ ಹಿಡಿದು ಹೋಗಿ ಅದನ್ನು ಬಿಸಿ ಮಾಡುತ್ತದೆ. ಜಂಪರ್ ಕೇಬಲ್ಲಿಂದ ಬ್ಯಾಟರಿ ಮೈನಸ್ಸನ್ನು ನೇರ ಇಂಜಿನ್ ಮೈಗೆ ಹಿಡಿಯಿರಿ. ಸೆಲ್ಫ್ ಗಡಗಡ ತಿರುಗಿದರೆ ಹೊಸ ಪಟ್ಟಿಯೊಂದೇ ಸಾಕು.

ಇನ್ನು ಸೊಲೆನಾಯ್ಡಿನ ಸಣ್ಣ ವೈರ್. ಕೀಲಿ ತಿರುವಿದಾಗ ಅಲ್ಲಿಗೆ 10 ವೋಲ್ಟಾದರೂ ಬರದಿದ್ದರೆ ಕೀಲಿ ಸ್ವಿಚ್ಚೋ ಅದರ ವೈರಿಂಗೋ ಸೋತಿದೆ. 40 ಆಂಪಿಯರಿನ ರಿಲೇ (ಕೀಲಿಯ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್ಚು) ಒಂದು ಹಾಕಿಸಿದರೆ ಅನೇಕ ಗಾಡಿಗಳ "ಬಿಸಿಯಾದ ಮೇಲೆ ಹತ್ತೋದಿಲ್ಲ" ಎಂಬ ದೂರು ಅಲ್ಲಿಗೇ ಮುಗಿಯುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಇಂಜಿನ್ ತಿರುಗದಿದ್ದರೆ ಸೆಲ್ಫ್ ಇಳಿಸಿ. ಮೈನಸ್ ಕ್ಲಾಂಪ್ ಮೊದಲು ಕಳಚಿ, ಆಮೇಲೆ ಸ್ಪ್ಯಾನರ್ ಹಾಕಿ.

ಎಕ್ಸ್‌ಚೇಂಜ್ ಮಾಲಿನಲ್ಲಿ ಕೊರತೆ ಎಲ್ಲಿರುತ್ತದೆ? ಹೊರಗೆ ಮಿರಮಿರ ಪೇಂಟ್, ಒಳಗೆ ನಾಲ್ಕು ಹೊಸ ಕಾರ್ಬನ್. ಮೋಟರಿನ ದಂಡ ಕೂತು ತಿರುಗುವ ಬಳೆಗಳು, ಅಂದರೆ ಬುಶ್, ಮಾತ್ರ ಹಳೆಯವೇ. ಬುಶ್ ಸವೆದು ಅಂಡಾಕಾರವಾದರೆ ಲೋಡ್ ಬಿದ್ದಾಗ ಆರ್ಮೇಚರ್ (ತಂತಿ ಸುತ್ತಿದ, ಒಳಗೆ ತಿರುಗುವ ಭಾಗ) ಒಂದು ಕಡೆ ವಾಲಿ ಸುತ್ತಲೂ ಕದಲದೆ ಕೂತ ಫೀಲ್ಡಿನ ಕಬ್ಬಿಣಕ್ಕೆ ಉಜ್ಜುತ್ತದೆ. ಬಿಚ್ಚಿದರೆ ಆರ್ಮೇಚರಿನ ಮೈಮೇಲೆ ಹೊಳೆಯುವ ಗೀರು ಕಾಣುತ್ತದೆ. ಟೇಬಲ್ ಮೇಲೆ ಬ್ಯಾಟರಿ ಕೊಟ್ಟು ತಿರುಗಿಸಿದಾಗ ಇದು ಗೊತ್ತಾಗುವುದಿಲ್ಲ, ಆಗ ಲೋಡೇ ಇರುವುದಿಲ್ಲ. ಆದ್ದರಿಂದ ಸೆಲ್ಫಿನ ತುದಿಯ ಸಣ್ಣ ಹಲ್ಲುಚಕ್ರವಾದ ಪಿನಿಯನ್ ಹಿಡಿದು ಮೇಲೆ-ಕೆಳಗೆ ಅಲ್ಲಾಡಿಸಿ, ಆಟ ಇದ್ದರೆ ವಾಪಸ್ ಕೊಡಿ. ಪಿನಿಯನ್ ಒಂದು ದಿಕ್ಕಿಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ದಿಕ್ಕಿಗೆ ಹಿಡಿಯಬೇಕು. ಹಳೆಯದರ ಜೊತೆ ಹಲ್ಲು ಎಣಿಸಿ ತಾಳೆ ನೋಡಿ. ಫ್ಲೈವೀಲ್ ಹೌಸಿಂಗಿಗೆ ಕೂರುವ ಮುಖದ ಮೇಲಿನ ಪೇಂಟನ್ನು ಪಾಲಿಶ್ ಪೇಪರಿಂದ ಪೂರ್ತಿ ಉಜ್ಜಿ ತೆಗೆಯಿರಿ. ಸೆಲ್ಫಿಗೆ ಅರ್ಥ್ ಸಿಗುವುದು ಆ ಮುಖದಿಂದಲೇ.

ತುರ್ತು ಇಲ್ಲದವರು ತಮ್ಮದೇ ಸೆಲ್ಫ್ ಓವರ್‌ಹಾಲ್ ಮಾಡಿಸುವುದು ಮೇಲು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅಂಗಡಿಯಲ್ಲಿ ಆರ್ಮೇಚರ್ ಪರೀಕ್ಷಿಸುವ ಗ್ರೌಲರ್ ಎಂಬ ಸಾಧನ ಇದೆಯೇ ಕೇಳಿ. ಅದರ ಮೇಲೆ ಆರ್ಮೇಚರ್ ಇಟ್ಟು ಹ್ಯಾಕ್ಸಾ ಬ್ಲೇಡ್ ಹಿಡಿದಾಗ, ವೈಂಡಿಂಗ್ ಶಾರ್ಟ್ ಆದ ಜಾಗದಲ್ಲಿ ಬ್ಲೇಡ್ ಝುಂ ಎಂದು ನಡುಗುತ್ತದೆ. ಕಾರ್ಬನ್ ತಾಗುವ ತಾಮ್ರದ ಪಟ್ಟಿಗಳ ಭಾಗವಾದ ಕಮ್ಯುಟೇಟರನ್ನು ಲೇತಿನಲ್ಲಿ ಹಗುರಾಗಿ ಸವರಿಸಿ, ಪಟ್ಟಿಗಳ ನಡುವೆ ಕರೆಂಟ್ ತಡೆಯುವ ಮೈಕಾ ಅರ್ಧ ಮಿಲಿಮೀಟರ್ ತಗ್ಗಿಸಬೇಕು. ಹೊಸ ಬುಶ್ಶುಗಳನ್ನು ಕೂರಿಸುವ ಮುಂಚೆ ಅರ್ಧ ತಾಸು ಇಂಜಿನ್ ಆಯಿಲ್ಲಿನಲ್ಲಿ ನೆನೆಹಾಕಬೇಕು. ಸೊಲೆನಾಯ್ಡಿನ ಬೋಲ್ಟ್ ಸುಟ್ಟಿದ್ದರೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ಕೊಡುವವರಿದ್ದಾರೆ. ಅದು ಕೆಲವು ತಿಂಗಳ ಮಾತು, ಸ್ವಿಚ್ ಹೊಸದೇ ಹಾಕಿಸಿ.

ಆರ್ಮೇಚರ್ ಸುಟ್ಟಿದ್ದರೆ ಮಾತ್ರ ಎಕ್ಸ್‌ಚೇಂಜ್ ಅಥವಾ ಹೊಸದರ ಲೆಕ್ಕ ಹಾಕಿ. ಪಿನಿಯನ್ ಕಚ್ಚಿಕೊಳ್ಳುವ, ಫ್ಲೈವೀಲಿನ ಸುತ್ತಲಿನ ರಿಂಗ್ ಗೇರಿನ ಹಲ್ಲು ಸವೆದಿದ್ದರೆ ಎರಡರಿಂದಲೂ ಪ್ರಯೋಜನವಿಲ್ಲ. ನಾಲ್ಕು ಸಿಲಿಂಡರ್ ಇಂಜಿನ್ ಬಂದ್ ಮಾಡಿದಾಗಲೆಲ್ಲ ಹೆಚ್ಚುಕಡಿಮೆ ಎದುರುಬದುರಿನ ಎರಡೇ ಜಾಗದಲ್ಲಿ ನಿಲ್ಲುತ್ತದೆ, ಹಲ್ಲು ಅಲ್ಲೇ ಸವೆಯುತ್ತವೆ. ಸೆಲ್ಫ್ ಇಳಿಸಿದಾಗ ಆ ಕಿಂಡಿಯಲ್ಲಿ ಟಾರ್ಚ್ ಬೆಳಕು ಬಿಟ್ಟು, ಇಂಜಿನ್ನನ್ನು ಕೈಯಿಂದ ತಿರುಗಿಸುತ್ತ ಸುತ್ತಲೂ ನೋಡಿ, ಆಮೇಲೆ ದುಡ್ಡು ಕೊಡಿ.